ವಾಕಿಂಗ್‌ನಲ್ಲಿ ಕರಗಿದ ಕ್ಯಾಲೊರಿಯಷ್ಟು ಮತ್ತೆ ತಿನ್ನಬಹುದಾ?

ತೂಕ ಇಳಿಸೋಕೆ ನಿಮ್ಮ ಗುರಿ ದಿನಕ್ಕೆ 1,500 ಕ್ಯಾಲೊರಿ. ಲಾಲ್‌ಬಾಗ್‌ನಲ್ಲಿ ಒಂದು ಗಂಟೆ ನಡೆದರೆ ವಾಚು 250 ಕರಗಿತು ಅನ್ನುತ್ತದೆ. ಹಾಗಾದರೆ ಆ ದಿನ 1,750 ತಿನ್ನಬಹುದಾ ಅಂತ ಕೇಳಿದ್ದೀರಿ.

ಅದು ಆ 1,500 ಹೇಗೆ ಬಂತು ಅನ್ನೋದರ ಮೇಲೆ ನಿಂತಿದೆ. ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್‌ನಲ್ಲಿ ‘ದಿನಾ ವ್ಯಾಯಾಮ ಮಾಡ್ತೀನಿ’ ಅಂತ ಆರಿಸಿದ್ದರೆ ವಾಕಿಂಗ್ ಆಗಲೇ ಲೆಕ್ಕಕ್ಕೆ ಸೇರಿದೆ. ಮತ್ತೆ ಕೂಡಿಸಿದರೆ ಎರಡು ಸಲ ಎಣಿಸಿದಂತೆ. ‘ಕೂತು ಮಾಡುವ ಕೆಲಸ’ ಅಂತ ಕೊಟ್ಟಿದ್ದರೆ ಸ್ವಲ್ಪ ತಿನ್ನಬಹುದು. ಪೂರ್ತಿ ಬೇಡ, ಅರ್ಧ ಸಾಕು.

ಯಾಕೆ ಅರ್ಧ? 70 ಕಿಲೋ ತೂಗುವವರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಸುಮಾರು 250 ಕ್ಯಾಲೊರಿ ಖರ್ಚು, ನಿಜ. ಆದರೆ ಸುಮ್ನೆ ಕೂತಿದ್ದರೂ ಅದರಲ್ಲಿ 70ರಷ್ಟು ಹೋಗುತ್ತಿತ್ತು ಅಲ್ವಾ? ಜಾಸ್ತಿ ಕರಗಿದ್ದು ಬರೀ 180. ವಾಚಿನ ಲೆಕ್ಕವೂ ಅಂದಾಜೇ.

ಬೆಂಗಳೂರಲ್ಲಿ ತೊಂದರೆ ಇರೋದು ವಾಕಿಂಗ್ ಮುಗಿದ ಮೇಲೆ. ಗೇಟಿನಿಂದ ಹೊರಗೆ ಬಂದು ಒಂದು ಬೆಣ್ಣೆ ಮಸಾಲೆ ದೋಸೆ, ಸಕ್ಕರೆ ಹಾಕಿದ ಕಾಫಿ. ದೊಡ್ಡ ಚಮಚ ಬೆಣ್ಣೆಯಲ್ಲೇ 100 ಕ್ಯಾಲೊರಿ! ದೋಸೆ ಬಿಡಿ ಅನ್ನಲ್ಲ, ಅದನ್ನೂ ಬರೆದುಕೊಳ್ಳಿ.

ನಂದಿ ಬೆಟ್ಟಕ್ಕೆ ಸೈಕಲ್ ತುಳಿದ ದಿನ ಮಾತ್ರ ಈ ಜಿಪುಣತನ ಬೇಡ, ಸರಿಯಾಗಿ ತಿನ್ನಿ. ಇಲ್ಲದಿದ್ದರೆ ರಾತ್ರಿ ಹಸಿವು ತಡೆಯೋಕಾಗಲ್ಲ.

ಎರಡು ಮೂರು ವಾರ ತೂಕದ ಸರಾಸರಿ ನೋಡಿ. ಇಳಿಯದಿದ್ದರೆ ಊಟದಲ್ಲಿ 100–150 ಕಡಿಮೆ ಮಾಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ.