‘ನಿನ್ನ ಪಾಲು ಪರಲೋಕದಲ್ಲಿದೆ, ಇಲ್ಲಿ ಸಹಿ ಹಾಕು’

ಪ್ರಶ್ನೆ: ನನಗೆ 46 ವರ್ಷ. ಅಪ್ಪ ಹೋಗಿ ಎರಡು ವರ್ಷವಾಯಿತು, ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅಪ್ಪ ದುಡಿದು ಕೊಂಡ ಎರಡು ಎಕರೆ ಕಾಫಿ ತೋಟ, ಒಂದು ಹೆಂಚಿನ ಮನೆ ಇದೆ. ವಿಲ್ ಬರೆದಿಲ್ಲ. ಹೋದ ತಿಂಗಳು ಭಾನುವಾರದ ಆರಾಧನೆ ಮುಗಿಸಿಕೊಂಡು ಇಬ್ಬರು ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ತಂದರು. ನಾನು ಪೆನ್ನು ಹಿಡಿದು ಸುಮ್ಮನೆ ಕೂತೆ. ದೊಡ್ಡಣ್ಣ ಅಪ್ಪನ ಬೈಬಲ್ ತೆಗೆದು ಯೇಸುವಿನ ಶಿಷ್ಯ ಪೇತ್ರನ ಪತ್ರ ಓದಿದ. ಆ ವಾಕ್ಯದ ಕೆಳಗೆ ಅಪ್ಪ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ‘ನಿನ್ನ ಬಾಧ್ಯತೆ, ಅಂದ್ರೆ ವಾರಸು ಪಾಲು, ಪರಲೋಕದಲ್ಲಿದೆ, ಈ ಮಣ್ಣಿಗೆ ಯಾಕೆ ಆಸೆ ಪಡ್ತೀಯ’ ಅಂದ. ಮಗಳ ನರ್ಸಿಂಗ್ ಫೀಸಿಗೆ ಸಾಲ ಮಾಡಿದ್ದೇನೆ. ಪಾಲು ಕೇಳಿದರೆ ನನ್ನ ವಿಶ್ವಾಸ ಕಮ್ಮಿ ಅಂತಾಗುತ್ತಾ?
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಅಣ್ಣ ಓದಿದ್ದು ಸರಿಯಾದ ವಾಕ್ಯವೇ. ಹಾಳಾಗದ, ಮಾಸದ, ಬಾಡದ ಬಾಧ್ಯತೆ ನಿಮಗಾಗಿ ಪರಲೋಕದಲ್ಲಿದೆ ಅಂತ ಪೇತ್ರ ಬರೆಯುತ್ತಾನೆ. ಆದರೆ ಯಾರಿಗೆ ಬರೆದ ಅಂತ ಆ ಪತ್ರದ ಮೊದಲ ಸಾಲಲ್ಲೇ ಇದೆ. ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಪ್ರಾಂತ್ಯಗಳಲ್ಲಿ ಚದರಿಹೋಗಿ ಪರದೇಶಿಗಳಂತೆ ಬದುಕುತ್ತಿದ್ದವರಿಗೆ. ಅವರಿಗೆ ಅವನು ಹೇಳಿದ್ದು ಧೈರ್ಯದ ಮಾತು. ಪಕ್ಕದಲ್ಲಿ ಕೂತವಳ ಕೈಯಿಂದ ಸಹಿ ಹಾಕಿಸಿಕೊಳ್ಳೋಕೆ ಹೇಳಿದ್ದಲ್ಲ. ಮತ್ತೆ, ಆ ವಾಕ್ಯ ಇಬ್ಬರು ಅಣ್ಣಂದಿರಿಗೂ ಅನ್ವಯಿಸುತ್ತೆ ಅಲ್ವಾ? ಅವರ ಬಾಧ್ಯತೆಯೂ ಪರಲೋಕದಲ್ಲೇ ಇದೆ. ಹಾಗಂತ ಅವರು ತಮ್ಮ ಪಾಲು ಬಿಟ್ಟುಕೊಟ್ಟ ಹಾಗೆ ಕಾಣಲಿಲ್ಲ.

ಬೈಬಲ್ ಮಣ್ಣನ್ನು ಹಗುರವಾಗಿ ನೋಡೋದಿಲ್ಲ. ಅದರ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಸ್ವಾಸ್ತ್ಯ (ಪಾಲಿಗೆ ಬಂದ ಆಸ್ತಿ) ಅಂದರೆ ಬಹಳ ಕಡೆ ನಿಜವಾದ ಹೊಲ, ದ್ರಾಕ್ಷಿತೋಟ. ಅಹಾಬ ರಾಜ ಕೇಳಿದರೂ ನಾಬೋತ ತನ್ನ ಪಿತೃಗಳ ತೋಟ ಕೊಡಲಿಲ್ಲ. ಅವನನ್ನು ಕೊಲ್ಲಿಸಿ ತೋಟ ಹಿಡಿದವರ ಮೇಲೆ ಪ್ರವಾದಿ ಎಲೀಯ ನುಡಿದ ಶಾಪ ನಿಮಗೂ ಗೊತ್ತಿರುತ್ತೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಎಲ್ಲರೂ ಬೈಬಲಿನ ಅರಣ್ಯಕಾಂಡದ 27ನೇ ಅಧ್ಯಾಯದ ಚಲ್ಪಹಾದನ ಐದು ಹೆಣ್ಣುಮಕ್ಕಳನ್ನು ನೆನೆಯುತ್ತಾರೆ. ಇಸ್ರಾಯೇಲರ ನಾಯಕ ಮೋಶೆಯ ಮುಂದೆ ನಿಂತು ಅಪ್ಪನ ಪಾಲು ಕೇಳಿದವರು. ‘ಅವರು ಹೇಳೋದು ಸರಿ’ ಅಂತ ದೇವರೇ ತೀರ್ಪು ಕೊಟ್ಟ. ಆದರೆ ನಿಮ್ಮ ಅಣ್ಣ ಜಾಣ, ‘ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ’ ಅಂತಾನೆ. ಅದು ನಿಜ. ಹಾಗಾಗಿ ಯೋಬನ ಪುಸ್ತಕದ 42ನೇ ಅಧ್ಯಾಯ ತೆಗೀರಿ. ಯೋಬನಿಗೆ ಏಳು ಗಂಡು, ಮೂರು ಹೆಣ್ಣು. ಆ ಮೂವರಿಗೂ ಅಪ್ಪ ಅವರ ಅಣ್ಣತಮ್ಮಂದಿರ ಜೊತೆಯಲ್ಲೇ ಸ್ವಾಸ್ತ್ಯ ಕೊಟ್ಟ. ಈ ಸಾಲಿನ ಮೇಲೆ ಚರ್ಚಿನಲ್ಲಿ ಪ್ರಸಂಗ ಕೇಳಿದ ನೆನಪು ನನಗಂತೂ ಇಲ್ಲ.

ಹಾಗಾದರೆ ಪರಲೋಕದ ಬಾಧ್ಯತೆ ಅಂದರೇನು? ಪೌಲ ಎಫೆಸದವರಿಗೆ ಬರೆಯುವಾಗ ಪವಿತ್ರಾತ್ಮನನ್ನು ಅದರ ‘ಸಂಚಕಾರ’ ಅನ್ನುತ್ತಾನೆ. ಈಗ ನಾವು ಜೀವಕ್ಕೆ ಸಂಚಕಾರ ಅಂತ ಅಪಾಯಕ್ಕೆ ಬಳಸಿ ಬಳಸಿ ಆ ಪದ ಕೆಡಿಸಿದ್ದೇವೆ. ಮೂಲದಲ್ಲಿ ಅದು ವ್ಯಾಪಾರದ ಮಾತು. ನೀವು ಜಮೀನಿಗೆ ಅಡ್ವಾನ್ಸ್ ಕೊಡ್ತೀರಲ್ಲ, ಅದೇ. ಬಾಕಿ ಖಂಡಿತ ಬರುತ್ತೆ ಅನ್ನೋದಕ್ಕೆ ಕೈಗೆ ಬಂದ ಮುಂಗಡ. ಇನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಗಂಡು ಹೆಣ್ಣು ಅನ್ನೋ ಭೇದವಿಲ್ಲ ಅಂದ ಮರುವಾಕ್ಯದಲ್ಲೇ ನೀವು ಬಾಧ್ಯರು ಅನ್ನುತ್ತಾನೆ. ಮಕ್ಕಳಾದ್ದರಿಂದ ಬಾಧ್ಯರು. ದುಡಿದು ಗಳಿಸಿದ್ದಲ್ಲ, ಒಳ್ಳೆಯವರಾಗಿ ಸಹಿ ಹಾಕಿದ್ದಕ್ಕೆ ಸಿಗೋ ಬಹುಮಾನವೂ ಅಲ್ಲ. ತೋಟದಲ್ಲಿ ಪಾಲು ಕೇಳಿದಿರಿ ಅಂತ ಅದು ಕರಗಿಹೋಗೋದಿಲ್ಲ.

ನಿಮಗೂ ಒಂದು ಮಾತು. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಒಬ್ಬ ಬಂದು ಆಸ್ತಿ ಪಾಲು ಮಾಡಿಕೊಡೋಕೆ ನನ್ನ ಅಣ್ಣನಿಗೆ ಹೇಳು ಅಂದಾಗ, ಪಾಲು ಮಾಡೋದು ನನ್ನ ಕೆಲಸವಲ್ಲ ಅಂದ ಯೇಸು, ದುರಾಸೆ ಬಗ್ಗೆ ಎಚ್ಚರ ಹೇಳಿದ. ಆ ಎಚ್ಚರ ಕೇಳಿದವನಿಗೂ ಇತ್ತು, ಕೊಡದವನಿಗೂ ಇತ್ತು. ಮಗಳ ಫೀಸು ಕಟ್ಟೋದು ದುರಾಸೆ ಅಲ್ಲ. ಅಣ್ಣನಿಗೆ ಬುದ್ಧಿ ಕಲಿಸಬೇಕು ಅಂತ ಕೇಳೋದಾದರೆ ಸ್ವಲ್ಪ ನಿಲ್ಲಿ.

ಕಾನೂನು ಸರಳ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಇಲ್ಲದಿದ್ದರೆ ಮಗ, ಮಗಳು ಇಬ್ಬರಿಗೂ ಸಮಪಾಲು. ನೀವು ಮೂವರು, ಮೂರರಲ್ಲಿ ಒಂದು ನಿಮ್ಮದು. ಕೇರಳದ ಮೇರಿ ರಾಯ್ ಅಣ್ಣತಮ್ಮಂದಿರಿಗೆ ಸಮನಾದ ಪಾಲಿಗಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1986ರಲ್ಲಿ ಗೆದ್ದರು. ತಿರುವಾಂಕೂರಿನ ಹಳೇ ಕಾಯ್ದೆಯಲ್ಲಿ ಮಗಳಿಗೆ ಮಗನ ಪಾಲಿನ ಕಾಲು ಭಾಗ, ಇಲ್ಲವೇ 5,000 ರೂಪಾಯಿ, ಯಾವುದು ಕಮ್ಮಿಯೋ ಅದು ಅಂತಿತ್ತು. ನಿಮಗೆ ಅಷ್ಟು ದೂರ ಹೋಗೋ ಕಷ್ಟವಿಲ್ಲ.

ಸದ್ಯಕ್ಕೆ ಸಹಿ ಹಾಕಬೇಡಿ. ಬಿಡುಗಡೆ ಪತ್ರ ಒಮ್ಮೆ ರಿಜಿಸ್ಟರ್ ಆದರೆ ಹಿಂದಕ್ಕೆ ಪಡೆಯೋದು ಬಹಳ ಕಷ್ಟ. ಮೊದಲು ಒಬ್ಬ ವಕೀಲರಿಗೆ ಕಾಗದ ತೋರಿಸಿ. ಆಮೇಲೆ ಅಣ್ಣಂದಿರನ್ನು ನಿಮ್ಮ ಮನೆಗೇ ಊಟಕ್ಕೆ ಕರೀರಿ. ತೋಟ ಒಡೆಯೋದು ಬೇಡ ಅನ್ನಿಸಿದರೆ ನಿಮ್ಮ ಪಾಲಿನ ಬೆಲೆ ಕಟ್ಟಿಸಿ ಕಂತಿನಲ್ಲಿ ಕೇಳಬಹುದು. ಮುಂದೆ ನಿಮಗೇ ಬಿಟ್ಟುಕೊಡಬೇಕು ಅನ್ನಿಸಿದರೆ ಕೊಡಿ, ಆಗ ಅದು ದಾನ.

ಅಪ್ಪನ ಬೈಬಲನ್ನು ಒಂದು ವಾರಕ್ಕೆ ಕೇಳಿ ಮನೆಗೆ ತನ್ನಿ. ಯೋಬನ ಕೊನೇ ಪುಟದಲ್ಲೂ ಕೆಂಪು ಗೆರೆ ಇದೆಯಾ ನೋಡಿ.