ಗಂಜಿ ನಿಂತಾಗ ಲೆಕ್ಕವೂ ನಿಲ್ಲುತ್ತದೆ

ಓದುಗರ ಪತ್ರ

"ಜಗತ್ತಿನಲ್ಲಿ 8 ಕೋಟಿಗೂ ಹೆಚ್ಚು ಜನ ತಮ್ಮ ದೇಶದೊಳಗೇ ಮನೆ ಬಿಟ್ಟು ಬೇರೆ ಕಡೆ ಇದ್ದಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಮಲಪ್ರಭಾ ದಂಡೆಯ ಊರಿನಲ್ಲಿ ಶಿಕ್ಷಕಿಯಾಗಿದ್ದವಳು. 2009ರಲ್ಲಿ ಹೊಳೆ ಬಂದಾಗ ನಮ್ಮೂರು ಬಿಟ್ಟವರಲ್ಲಿ ಯಾರು ಎಲ್ಲಿದ್ದಾರೆ ಅಂತ ನಮಗೇ ಗೊತ್ತಿಲ್ಲ. ಜಿನೀವಾದಲ್ಲಿ ಕೂತವರಿಗೆ ಹೇಗೆ ಗೊತ್ತಾಯಿತು? ಈಗ ಎಲ್ಲರ ಹತ್ತಿರ ಆಧಾರ್ ಇದೆ, ಮೊಬೈಲ್ ಇದೆ. ಅದನ್ನು ಹಿಡಿದು ಒಬ್ಬೊಬ್ಬರನ್ನೂ ಹುಡುಕಿ ಪಟ್ಟಿ ಮಾಡಬಹುದಲ್ಲ? ಮಣಿಪುರದಲ್ಲೂ ಹಾಗೇ ಮಾಡಬಹುದಲ್ಲ?"
— ನಿವೃತ್ತ ಶಿಕ್ಷಕಿ, ರೋಣ ತಾಲ್ಲೂಕು

ಸಂಪಾದಕರ ಉತ್ತರ

ನಮಸ್ಕಾರ ಮೇಡಂ. ನಿಮ್ಮ ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ: ನಿಮ್ಮೂರಿನವರು ಎಲ್ಲಿದ್ದಾರೆ ಅಂತ ಜಿನೀವಾದವರಿಗೂ ಗೊತ್ತಿಲ್ಲ. ಎರಡನೆಯದಕ್ಕೆ: ಹುಡುಕಬಹುದು, ಹುಡುಕಲೇಬೇಕು. ಆದರೆ ನೀವು ಹೇಳಿದ ದಾರಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಾವು ಬರೆದ ಅಂಕಿ ನಾರ್ವೆಯ ನಿರಾಶ್ರಿತರ ಮಂಡಳಿ 1998ರಲ್ಲಿ ಶುರು ಮಾಡಿದ ಒಂದು ನಿಗಾ ಕೇಂದ್ರದ್ದು. ಅದರ ಕಚೇರಿ ಜಿನೀವಾದಲ್ಲಿದೆ. 2024ರ ಕೊನೆಗೆ 8 ಕೋಟಿ 34 ಲಕ್ಷ ಜನ ತಮ್ಮ ದೇಶದೊಳಗೇ ಮನೆ ಬಿಟ್ಟು ಬದುಕುತ್ತಿದ್ದರು ಎನ್ನುತ್ತದೆ ಅದರ ವರದಿ. ಅದರಲ್ಲಿ 7 ಕೋಟಿ 35 ಲಕ್ಷ ಜನ ಯುದ್ಧ, ಗಲಭೆಯಿಂದ ಹೊರಬಿದ್ದವರು. ಪ್ರವಾಹ, ಚಂಡಮಾರುತ, ಭೂಕಂಪದಂಥ ವಿಕೋಪಗಳಿಂದ ಹೊರಬಿದ್ದವರು ಬರೀ 98 ಲಕ್ಷ.

ಬರೀ ಅಂದಿದ್ದಕ್ಕೆ ಕಾರಣ ಇದೆ. ಅದೇ ವರದಿಯ ಪ್ರಕಾರ ಆ ಒಂದೇ ವರ್ಷದಲ್ಲಿ ವಿಕೋಪದಿಂದಾಗಿ ಜನ ಮನೆ ಬಿಟ್ಟ ಸಲಗಳು 4 ಕೋಟಿ 58 ಲಕ್ಷ. ಭಾರತದ ಪಾಲು 54 ಲಕ್ಷ. ಗಮನಿಸಿ, ಇಲ್ಲಿ ಎಣಿಸಿರುವುದು ಜನರನ್ನಲ್ಲ, ಮನೆ ಬಿಟ್ಟ ಸಲಗಳನ್ನು. ಒಬ್ಬಳೇ ಹೆಂಗಸು ವರ್ಷಕ್ಕೆ ಮೂರು ಸಲ ಮನೆ ಬಿಟ್ಟು ಓಡಿದರೆ ಅದು ಮೂರು. ಚಂಡಮಾರುತ ಬರುವ ಮುಂಚೆ ಒಡಿಶಾ ಕರಾವಳಿಯಲ್ಲಿ ಲಕ್ಷಗಟ್ಟಲೆ ಜನರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಎರಡು ದಿನ ಬಿಟ್ಟು ವಾಪಸ್ ಕಳಿಸುತ್ತಾರಲ್ಲ, ಅದೂ ಇದರಲ್ಲೇ ಸೇರುತ್ತದೆ. ಅದು ಒಳ್ಳೆಯ ಆಡಳಿತದ ಗುರುತು, ದುರಂತದ್ದಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಈ ವ್ಯತ್ಯಾಸ ಸಿಗುವುದಿಲ್ಲ.

ಹಾಗಾದರೆ ವರ್ಷದ ಕೊನೆಗೆ ಉಳಿದವರು 98 ಲಕ್ಷವೇ ಯಾಕೆ? ಎಷ್ಟೋ ಜನ ನಿಜವಾಗಿ ಮನೆಗೆ ಮರಳಿದರು. ಇನ್ನೆಷ್ಟೋ ಜನರನ್ನು ಎಣಿಸುವುದನ್ನೇ ನಿಲ್ಲಿಸಿಬಿಟ್ಟರು. ಈ ಅಂಕಿ ನಿಜಕ್ಕಿಂತ ಕಡಿಮೆ ಇರಬಹುದು ಅಂತ ಆ ಕೇಂದ್ರದವರೇ ಹೇಳುತ್ತಾರೆ.

ಜಿನೀವಾದವರು ಮನೆಮನೆಗೆ ಹೋಗುವುದಿಲ್ಲ. ಅವರಿಗೆ ಸಿಗುವುದು ನಮ್ಮಲ್ಲಿಂದಲೇ ಹೋದ ಕಾಗದ. ಪ್ರವಾಹ ಬಂದಾಗ ಗ್ರಾಮ ಆಡಳಿತಾಧಿಕಾರಿಗಳು (ಮುಂಚಿನ ಗ್ರಾಮ ಲೆಕ್ಕಿಗರು) ತಹಶೀಲ್ದಾರರಿಗೆ, ತಹಶೀಲ್ದಾರರು ಜಿಲ್ಲೆಗೆ, ಜಿಲ್ಲೆಯವರು ಬೆಂಗಳೂರಿಗೆ ವರದಿ ಕಳಿಸುತ್ತಾರೆ. ಎಷ್ಟು ಕಾಳಜಿ ಕೇಂದ್ರ ತೆರೆದಿದೆ, ಅದರಲ್ಲಿ ಎಷ್ಟು ಜನ, ಎಷ್ಟು ಮನೆ ಬಿತ್ತು, ಎಷ್ಟು ದನ ಸತ್ತವು. ಇಂಥ ಸರ್ಕಾರಿ ವರದಿ, ಪತ್ರಿಕೆ, ಪರಿಹಾರ ಸಂಸ್ಥೆಗಳ ಟಿಪ್ಪಣಿ ಎಲ್ಲ ಸೇರಿಸಿ ಅವರು ಲೆಕ್ಕ ಹಾಕುತ್ತಾರೆ. ಜನರ ಸಂಖ್ಯೆ ಸಿಗದಿದ್ದರೆ ಬಿದ್ದ ಮನೆಗಳನ್ನು ಒಂದು ಕುಟುಂಬದ ಸರಾಸರಿ ತಲೆಗಳಿಂದ ಗುಣಿಸುತ್ತಾರೆ. ಲೆಕ್ಕಕ್ಕೆ ಇದು ಸರಿ. ಆದರೆ ನಿಮ್ಮ ಕಡೆ ಒಂದೇ ಮನೆ ನಂಬರಿನಲ್ಲಿ ಮೂರು ಅಣ್ಣತಮ್ಮಂದಿರು, ಮೂರು ಒಲೆ ಇರುತ್ತವೆ ಅಲ್ವಾ? ಗುಣಾಕಾರಕ್ಕೆ ಅದು ಒಂದೇ ಮನೆ. ಪರಿಹಾರ ಒಬ್ಬರಿಗೋ ಮೂವರಿಗೋ ಅಂತ ಪಂಚಾಯ್ತಿ ಕಟ್ಟೆಯಲ್ಲಿ ನಡೆಯುವ ಜಗಳ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಈ ಸರಪಳಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ನಾವು ಎಣಿಸುತ್ತಿರುವುದು ಜನರನ್ನಲ್ಲ, ಪರಿಹಾರವನ್ನು. ಊಟದ ಅಕ್ಕಿಗೆ ಲೆಕ್ಕ ಕೊಡಬೇಕು, ಅದಕ್ಕೆ ತಲೆ ಎಣಿಸುತ್ತಾರೆ. ಮುಂಚೆ ಗಂಜಿ ಕೇಂದ್ರ ಅನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ. ಗಂಜಿ ನಿಂತ ದಿನ ಆ ಅಂಕಣದಲ್ಲಿ ಸೊನ್ನೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ರಾಜ್ಯದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರು. ಆ ವಾರಗಳಲ್ಲಿ ದಿನಕ್ಕೊಂದು ಅಂಕಿ ಬರುತ್ತಿತ್ತು. ಸೊನ್ನೆಯಾದ ಮೇಲೆ ಯಾರು ಮನೆಗೆ ಹೋದರು, ಯಾರು ತಗಡಿನ ಶೆಡ್ಡಿಗೆ, ಯಾರು ಅಕ್ಕನ ಊರಿಗೆ ಅಂತ ಬರೆದುಕೊಳ್ಳಲು ಆ ನಮೂನೆಯಲ್ಲಿ ಜಾಗವೇ ಇಲ್ಲ. ಮೊದಲ ದಿನದಿಂದಲೇ ನೆಂಟರ ಮನೆ ಸೇರಿದವರಂತೂ ಲೆಕ್ಕಕ್ಕೆ ಬರುವುದೇ ಇಲ್ಲ. ನಮ್ಮಲ್ಲಿ ಜಾಸ್ತಿ ಜನ ಹೋಗುವುದು ಅಲ್ಲಿಗೇ.

ನಿಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ 'ಆಸರೆ' ಯೋಜನೆ ತಂದಿತು. ಕಂಪನಿಗಳು, ಮಠಗಳು, ದಾನಿಗಳು ಸೇರಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿದರು. ಕಾಗದದಲ್ಲಿ ಆ ಊರುಗಳು ಸ್ಥಳಾಂತರವಾದವು. ಆದರೆ ಎಷ್ಟೋ ಆಸರೆ ಮನೆಗಳು ಖಾಲಿ ಬಿದ್ದವು. ಹೊಲ ಕೆಳಗಿದೆ, ಎಮ್ಮೆ ಕಟ್ಟಲು ಮೇಲೆ ಜಾಗವಿಲ್ಲ, ನೀರು ಸರಿಯಾಗಿ ಬರುವುದಿಲ್ಲ, ಹಕ್ಕುಪತ್ರ ಬಂದಿಲ್ಲ. ಜನ ಹಳೆಯ ಮನೆ ರಿಪೇರಿ ಮಾಡಿಕೊಂಡು ಅಲ್ಲೇ ಉಳಿದರು. ಹತ್ತು ವರ್ಷ ಬಿಟ್ಟು 2019ರಲ್ಲಿ ಹೊಳೆ ಮತ್ತೆ ಬಂದಾಗ ಅವರಲ್ಲಿ ಹಲವರು ಮತ್ತೆ ಗಂಜಿ ಕೇಂದ್ರದಲ್ಲಿದ್ದರು. 'ಸ್ಥಳಾಂತರ ಆಗಿದೆಯಲ್ಲ, ಮತ್ತೆ ಯಾಕೆ ಇಲ್ಲಿದ್ದೀರಿ' ಎಂಬ ಮಾತು ಆಗ ಕೇಳಿಬಂತು. 2010ರಲ್ಲೋ 2012ರಲ್ಲೋ ಯಾರಾದರೂ ಹೋಗಿ 'ಇಲ್ಲಿ ಯಾರು ಮಲಗುತ್ತಾರೆ' ಅಂತ ಕೇಳಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಇನ್ನೊಂದು ಗುಂಪು ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಹೋಯಿತು. ಅವರು ಗುಳೆ ಹೋದವರ ಜೊತೆ ಬೆರೆತು ಹೋದರು. ಕೊಡಗಿನಲ್ಲಿ 2018ರ ಭೂಕುಸಿತದಲ್ಲಿ ಇದರ ಬೇರೆ ರೂಪ ಕಾಣುತ್ತದೆ. ತೋಟದ ಲೈನ್ ಮನೆಯಲ್ಲಿದ್ದ ಕೂಲಿಯವರಿಗೆ ಮನೆಯೂ ತಮ್ಮದಲ್ಲ, ಜಾಗವೂ ತಮ್ಮದಲ್ಲ. ಬಿದ್ದ ಮನೆಯ ಪಟ್ಟಿಯಲ್ಲಿ ಮಾಲೀಕನ ಹೆಸರು ಇರಬಹುದು, ಅಲ್ಲಿ ಮಲಗುತ್ತಿದ್ದವರದ್ದು ಇರುವುದಿಲ್ಲ.

ಇದು ನಮ್ಮ ಬಡತನದಿಂದ ಆದದ್ದು ಅಂತ ಅಂದುಕೊಳ್ಳಬೇಡಿ. ಮನಸ್ಸು ಮಾಡಿದರೆ ದಾರಿ ಇದೆ. ಜಪಾನಿನಲ್ಲಿ 2011ರ ಮಾರ್ಚ್‌ನಲ್ಲಿ ಸುನಾಮಿ, ಫುಕುಶಿಮಾ ಅಣು ಸ್ಥಾವರದ ಅವಘಡ ಎರಡೂ ಒಟ್ಟಿಗೆ ಬಂದವು. ಸುಮಾರು 4 ಲಕ್ಷ 70 ಸಾವಿರ ಜನ ಮನೆ ಬಿಟ್ಟರು, ದೇಶದ ತುಂಬ ಚದುರಿದರು. ಒಂದೇ ತಿಂಗಳಲ್ಲಿ ಸರ್ಕಾರ ಒಂದು ಸರಳ ಏರ್ಪಾಡು ಮಾಡಿತು. ನೀವು ಓಡಿಹೋಗಿ ಸೇರಿದ ಊರಿನ ಪುರಸಭೆಗೆ ಹೋಗಿ 'ನಾನು ಇಲ್ಲಿದ್ದೇನೆ' ಅಂತ ಹೇಳಿ ಸಾಕು. ಅವರು ಅದನ್ನು ನೀವು ಬಿಟ್ಟು ಬಂದ ಊರಿನ ಆಡಳಿತಕ್ಕೆ ತಿಳಿಸುತ್ತಾರೆ. ಹೇಳಲೇಬೇಕು ಎಂಬ ಬಲವಂತ ಇಲ್ಲ. ಹೇಳಿದರೆ ತೆರಿಗೆ ರಿಯಾಯಿತಿ, ಪರಿಹಾರದ ಸುದ್ದಿ, ಊರಿನ ವಿಷಯ ಮನೆಗೆ ಬರುತ್ತದೆ, ಅದಕ್ಕೆ ಜನ ಹೇಳಿದರು. ಫುಕುಶಿಮಾ ಸುತ್ತಲಿನ ಊರುಗಳವರು ಹಳೆಯ ವಿಳಾಸ ಬಿಡದೆಯೇ ಹೊಸ ಊರಿನಲ್ಲಿ ಶಾಲೆ, ಆರೈಕೆ ಪಡೆಯಲು ಕಾನೂನೂ ಬಂತು. ಹತ್ತು ವರ್ಷದ ಮೇಲೂ ಅಲ್ಲಿನ ಪುನರ್ನಿರ್ಮಾಣ ಇಲಾಖೆ ಇನ್ನೂ ಎಷ್ಟು ಜನ ಹೊರಗಿದ್ದಾರೆ ಎಂದು ಲೆಕ್ಕ ಪ್ರಕಟಿಸುತ್ತಲೇ ಇತ್ತು. ಯಾರನ್ನು ಪಟ್ಟಿಯಿಂದ ಬಿಡಬೇಕು ಎಂಬ ಜಗಳ ಅಲ್ಲೂ ಇದೆ. ಇರಲಿ, ಜಗಳ ಆಡಲು ಒಂದು ಪಟ್ಟಿಯಾದರೂ ಇದೆಯಲ್ಲ.

ಈಗ ಆಧಾರ್ ವಿಷಯ. ಈ ಹೆಬ್ಬೆರಳು ಈ ನಂಬರಿನದ್ದು ಅಂತ ಆಧಾರ್ ಹೇಳುತ್ತದೆ. ಈ ಮನುಷ್ಯ ಈಗ ಎಲ್ಲಿದ್ದಾನೆ ಅಂತ ಹೇಳುವುದಿಲ್ಲ. ಬೆಂಗಳೂರಿನ ಶೆಡ್ಡಿನಲ್ಲಿರುವ ನಿಮ್ಮೂರಿನವರ ಕಾರ್ಡಿನಲ್ಲಿ ಇಂದಿಗೂ ನಿಮ್ಮೂರಿನ ವಿಳಾಸವೇ ಇರುತ್ತದೆ. ಅದನ್ನು ಬದಲಿಸಲು ಅವರಿಗೆ ಇಷ್ಟವೂ ಇಲ್ಲ. ಹೊಲ ಅಲ್ಲಿದೆ, ಓಟು ಅಲ್ಲಿದೆ, ಮುಂದೆ ಬರಬಹುದಾದ ಪರಿಹಾರವೂ ಅಲ್ಲಿಗೇ ಬರುವುದು. ಅವರ ಲೆಕ್ಕಾಚಾರ ಸರಿಯಾಗೇ ಇದೆ.

ಮೊಬೈಲಿನಿಂದ ಸ್ವಲ್ಪ ತಿಳಿಯುತ್ತದೆ. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಸಂಶೋಧಕರು ಫೋನ್ ಕಂಪನಿಯಿಂದ ಹೆಸರಿಲ್ಲದ ಸಿಮ್ ಮಾಹಿತಿ ಪಡೆದರು. ಯಾವ ಸಿಮ್ ಯಾವ ಟವರ್ ಬಿಟ್ಟು ಎಲ್ಲಿಗೆ ಹೋಯಿತು ಅಂತ ನೋಡಿ, ಮೂರು ವಾರದೊಳಗೆ ರಾಜಧಾನಿ ಬಿಟ್ಟವರು ಸುಮಾರು 6 ಲಕ್ಷ 30 ಸಾವಿರ ಎಂದು ಅಂದಾಜು ಮಾಡಿದರು. ಯಾವ ದಿಕ್ಕಿಗೆ ಎಷ್ಟು ಅಕ್ಕಿ, ಔಷಧಿ ಕಳಿಸಬೇಕು ಅಂತ ತಿಳಿಯಲು ಇದು ಒಳ್ಳೆಯದು. ಆದರೆ ಮನೆಗೊಂದೇ ಫೋನ್ ಇದ್ದರೆ ಅದು ಗಂಡಸಿನ ಜೇಬಿನಲ್ಲಿರುತ್ತದೆ. ಮುದುಕಿ ಎಲ್ಲಿದ್ದಾಳೆ ಅಂತ ಟವರಿಗೆ ಗೊತ್ತಾಗುವುದಿಲ್ಲ.

ಗಲಭೆಯಿಂದ ಓಡಿದವರ ವಿಷಯದಲ್ಲಿ ಮಾತ್ರ ನಾನು ನಿಮ್ಮ ಸಲಹೆಯನ್ನು ಖಡಾಖಂಡಿತ ಒಪ್ಪುವುದಿಲ್ಲ. ಹೊಳೆ ಯಾರನ್ನೂ ಹುಡುಕಿಕೊಂಡು ಬರುವುದಿಲ್ಲ. ಮನುಷ್ಯ ಬರುತ್ತಾನೆ. 1984ರಲ್ಲಿ ದೆಹಲಿಯಲ್ಲಿ ಸಿಖ್ಖರ ಮನೆ ಗುರುತಿಸಲು ಮತದಾರರ ಪಟ್ಟಿ, ರೇಷನ್ ಪಟ್ಟಿ ಹಿಡಿದುಕೊಂಡು ಬಂದಿದ್ದರು ಎಂದು ಬದುಕುಳಿದವರು ಹೇಳಿದ್ದಾರೆ. ರೋಹಿಂಗ್ಯಾ ಜನ ಬಾಂಗ್ಲಾದೇಶದ ಶಿಬಿರಗಳಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ಬೆರಳಚ್ಚು, ಫೋಟೊ, ಹೆಸರು ಕೊನೆಗೆ ಯಾರಿಂದ ಓಡಿಬಂದಿದ್ದರೋ ಆ ಮ್ಯಾನ್ಮಾರ್ ಸರ್ಕಾರದ ಕೈ ಸೇರಿತು ಎಂದು 2021ರಲ್ಲಿ ಮಾನವ ಹಕ್ಕು ಸಂಘಟನೆಯೊಂದು ಬಯಲು ಮಾಡಿತು.

ಮಣಿಪುರದಲ್ಲಿ 2023ರ ಮೇ 3ರಂದು ಮೈತೇಯಿ, ಕುಕಿ ಸಮುದಾಯಗಳ ನಡುವೆ ಗಲಭೆ ಶುರುವಾದ ನಂತರ ಮೈತೇಯಿಗಳು ಚುರಾಚಾಂದ್‌ಪುರ ಬಿಟ್ಟು ಇಂಫಾಲ ಕಣಿವೆಗೆ ಓಡಿದರು, ಕುಕಿಗಳು ಇಂಫಾಲ ಬಿಟ್ಟು ಬೆಟ್ಟಕ್ಕೆ ಓಡಿದರು. ಆ ವರ್ಷ ಅಲ್ಲಿ 67 ಸಾವಿರ ಸಲ ಜನ ಮನೆ ಬಿಟ್ಟರು ಎಂದು ಜಿನೀವಾದ ಅದೇ ಕೇಂದ್ರ ಹೇಳಿತು. ಶಿಬಿರದಲ್ಲಿದ್ದವರ ಲೆಕ್ಕ ಸಿಗುತ್ತದೆ. 2024ರ ಲೋಕಸಭೆ ಚುನಾವಣೆಯಲ್ಲಿ ಅವರಿಗೆ ವಿಶೇಷ ಮತಗಟ್ಟೆಯೂ ಇತ್ತು. ಮಿಜೋರಾಂ, ದೆಹಲಿ, ನಮ್ಮ ಬೆಂಗಳೂರಿಗೆ ಬಂದು ಬಾಡಿಗೆ ಕೋಣೆ ಹಿಡಿದವರಲ್ಲಿ ಕೆಲವರು ತಾವು ಯಾರು ಅಂತ ಸುಮ್ನೆ ಹೇಳಿಕೊಳ್ಳುವುದಿಲ್ಲ. ಅವರ ವಿಳಾಸ, ಸಮುದಾಯ, ಬೆರಳಚ್ಚು ಎಲ್ಲ ಒಂದೇ ಕಡತದಲ್ಲಿಟ್ಟು, ಅದು ಎಂದೂ ತಪ್ಪು ಕೈಗೆ ಹೋಗುವುದಿಲ್ಲ ಅಂತ ಭರವಸೆ ಕೊಡುವ ಧೈರ್ಯ ನನಗಿಲ್ಲ.

ಹೆಸರಿಲ್ಲದೆ ಎಣಿಸುವ ಕೆಲಸ ಬಹಳ ಕಡೆ ನಡೆಯುತ್ತಿದೆ. ಅಂತರರಾಷ್ಟ್ರೀಯ ವಲಸೆ ಸಂಸ್ಥೆ 2004ರಲ್ಲಿ ಇರಾಕಿನಲ್ಲಿ ಶುರು ಮಾಡಿದ ಪದ್ಧತಿ ಅದು. ಊರಿನ ಹಿರಿಯರು, ಶಿಕ್ಷಕರು, ಆರೋಗ್ಯ ಕಾರ್ಯಕರ್ತೆಯರನ್ನು ಕೇಳುತ್ತಾರೆ: ಹೊರಗಿನಿಂದ ಎಷ್ಟು ಕುಟುಂಬ ಬಂದಿವೆ, ಎಲ್ಲಿಂದ, ಎಲ್ಲಿ ಮಲಗುತ್ತಾರೆ, ನೀರಿದೆಯೇ. ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ ಅದನ್ನೇ ಕೇಳುತ್ತಾರೆ. ಮತ್ತೆ ಹೋಗುವುದೇ ಇಲ್ಲಿ ಮುಖ್ಯ. ನಮ್ಮಲ್ಲಿ ಇಲ್ಲದಿರುವುದು ಅದೇ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಪ್ರತಿ ಊರಿನಲ್ಲೂ ಇರುವ ನಮಗೆ ಇದು ಕಷ್ಟದ ಕೆಲಸವೇನಲ್ಲ. ಆರು ತಿಂಗಳಿಗೆ, ಒಂದು ವರ್ಷಕ್ಕೆ, ಮೂರು ವರ್ಷಕ್ಕೆ ಒಂದು ಸುತ್ತು ಹಾಕಿದರೆ ಸಾಕು. ಅವರಿಗೆ ಆ ಕೆಲಸಕ್ಕೆ ಬೇರೆ ದುಡ್ಡು ಕೊಡಬೇಕು, ಅದನ್ನೂ ಹೇಳಿಬಿಡುತ್ತೇನೆ.

ಜನಗಣತಿಯೂ ಸಹಾಯ ಮಾಡಬಹುದಿತ್ತು. ಊರು ಬಿಟ್ಟಿದ್ದು ಯಾಕೆ ಎಂಬ ಪ್ರಶ್ನೆಗೆ 1991ರಲ್ಲಿ ಪ್ರಕೃತಿ ವಿಕೋಪ ಎಂಬ ಉತ್ತರವೂ ಇತ್ತು. 2001ರಲ್ಲಿ ಅದನ್ನು ತೆಗೆದರು. ಆಮೇಲೆ ಹೊಳೆಗೆ ಮನೆ ಕಳೆದುಕೊಂಡವರು 'ಕೆಲಸಕ್ಕಾಗಿ' ಅಥವಾ 'ಇತರೆ' ಎಂಬಲ್ಲಿ ಸೇರಿಹೋದರು.

ನಿಮ್ಮಿಂದ ಒಂದು ಸಹಾಯ ಬೇಕು ಮೇಡಂ. ಒಂದು ಕುಟುಂಬ ಊರು ಬಿಟ್ಟಿತು ಎಂಬುದಕ್ಕೆ ಹಳ್ಳಿಯಲ್ಲಿ ಸಿಗುವ ಗಟ್ಟಿ ದಾಖಲೆ ಶಾಲೆಯ ಟಿ.ಸಿ. ಪುಸ್ತಕ. ಟಿ.ಸಿ. ಇಲ್ಲದೆ ಹೋದ ಮಕ್ಕಳೂ ಇರುತ್ತಾರೆ, ಆದರೆ ಹಾಜರಿ ಪುಸ್ತಕದಲ್ಲಿ ಅವರ ಗೈರು ಕಾಣುತ್ತದೆ. ಈಗಿನ ಮುಖ್ಯೋಪಾಧ್ಯಾಯರು ಒಪ್ಪಿದರೆ 2009ರ ಅಕ್ಟೋಬರ್‌ನಿಂದ ಮುಂದಿನ ಜೂನ್‌ವರೆಗಿನ ಪುಟಗಳನ್ನು ನೋಡಿ. ಹೆಸರು ಬೇಡ, ಜಾತಿ ಬೇಡ. ಎಷ್ಟು ಮಕ್ಕಳು ಹೋದರು, ಯಾವ ಊರಿಗೆ ಅಂತ ಬರೆದಿದೆ, ಅವರಲ್ಲಿ ಎಷ್ಟು ಮಕ್ಕಳು ಮತ್ತೆ ಸೇರಿದರು, ಇಷ್ಟನ್ನು ಬರೆದು ಕಳಿಸಿ. ಹೊಳೆಯ ದಂಡೆಯ ಬೇರೆ ಊರುಗಳ ಶಿಕ್ಷಕರೂ ಕಳಿಸಿದರೆ ಎಲ್ಲವನ್ನೂ ಒಟ್ಟಿಗೆ ಪ್ರಕಟಿಸುತ್ತೇವೆ. ಶಾಲೆಯ ಹೆಸರು ಹಾಕುವುದು ಬೇಡ ಅಂದರೆ ಅದನ್ನೂ ಬಿಡುತ್ತೇವೆ.