ಬಾವಿ ಒಂದು ಸಲ, ಅಂಗಳ ಮೂರು ಸಲ

ಸಾಗರ ತಾಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. 16 ವರ್ಷದ ಹಿಂದೆ ಪಾಲಾಗುವಾಗ ತೋಟದ ಬಾವಿಯ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟರಂತೆ. ಹೋದ ವರ್ಷ ಅಣ್ಣ ತೀರಿಕೊಂಡರು. ಹೆಣ ಎತ್ತುವಾಗಲೂ ಇವರು ಅಂಗಳ ದಾಟಿ ಹೋಗಲಿಲ್ಲ. "ಸಂಜೆ ಅವರ ಪಂಪಿನ ಸದ್ದು ಕೇಳಿದರೆ ತುತ್ತು ಇಳಿಯೋದಿಲ್ಲ. ಹಳೇದನ್ನ ಮರ್ತುಬಿಡು ಅಂತಾರೆ ಎಲ್ಲರೂ. ಹೇಗೆ ಮರೆಯಲಿ?" ಎಂದು ಕೇಳಿದ್ದಾರೆ.

ಪ್ರೀತಿಯ ಓದುಗರೇ,

ನಿಮ್ಮ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೇ ಇದೆ. ಸುಮ್ನೆ ನಾಲ್ಕು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು, ಮರೆಯುವ ಪ್ರಯತ್ನ ಬಿಟ್ಟುಬಿಡಿ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ವೈದ್ಯನ ಕತೆ ಗೊತ್ತಲ್ವಾ? ಲೋಟ ಎತ್ತಿದಾಗೆಲ್ಲ ಮಂಗನೇ ಎದುರು ಬಂದು ಕೂತಿತು. 1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡ್ಯಾನಿಯಲ್ ವೆಗ್ನರ್ ಮತ್ತು ಸಂಗಡಿಗರು ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ನೆನೆಯಲು ಬಿಟ್ಟಾಗ ಕರಡಿ ಇನ್ನೂ ಜಾಸ್ತಿ ಬಂತು.

ನಿಮ್ಮ ಕಡೆಯದೇ ಒಂದು ಜಾಗ ನೆನಪಾಗುತ್ತಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಕಟ್ಟಿ ಮುಗಿಸಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಸುತ್ತಲಿನ ಊರುಗಳ ಜೊತೆ ಈ ಹಳೆಯ ಅಣೆಕಟ್ಟೇ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮತ್ತೆ ತಲೆ ಎತ್ತುತ್ತದೆ. ಅಂಥ ಒಂದು ಮೇ ತಿಂಗಳಲ್ಲಿ ನಾನು ಹೋಗಿದ್ದೆ. ನೆಲವೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಲ್ಲಿ ಕಪ್ಪಗಾದ ಮರದ ಬೊಡ್ಡೆಗಳು. ಒಬ್ಬ ಅಜ್ಜ ಚಪ್ಪಲಿ ಬಿಟ್ಟು ಕಲ್ಲಿನ ಸಾಲೊಂದನ್ನು ದಾಟಿ ಒಳಗೆ ನಡೆದರು. ನನಗೆ ಅದು ಬರೀ ಕಲ್ಲು. ಅವರಿಗೆ ಹೊಸ್ತಿಲು. "ಇಲ್ಲಿ ಅಡುಗೆಮನೆ. ಇಲ್ಲಿ ಅಬ್ಬೆ ಮಜ್ಜಿಗೆ ಕಡೀತಿದ್ದಳು" ಎಂದರು. ಹುಡುಗನಾಗಿದ್ದಾಗ ಎತ್ತಿನಗಾಡಿಯಲ್ಲಿ ಊರು ಬಿಟ್ಟವರು. ಸ್ವಲ್ಪ ಹೊತ್ತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಕಣ್ಣು ಒರೆಸಿಕೊಂಡರು. ಆಮೇಲೆ ಎದ್ದು, "ಹಾಲು ಕರೆಯೋ ಹೊತ್ತಾಯ್ತು, ಬರ್ತೀನಿ" ಎಂದು ಹೊರಟೇಬಿಟ್ಟರು.

ಆ ಅಜ್ಜ ಏನನ್ನೂ ಮರೆತಿರಲಿಲ್ಲ. ಆದರೆ ಮನೆಯಲ್ಲಿ ಹಸು ಕಾಯುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮೂರು ಪುಟದ ಪತ್ರದಲ್ಲಿ ಬಾವಿಯ ಜಗಳ ಒಂದೇ ಸಲ ಬಂದಿದೆ. ಅಂಗಳ ದಾಟಲಿಲ್ಲ ಎನ್ನುವುದು ಮೂರು ಸಲ. ನಿಮ್ಮನ್ನು ಕೊರೆಯುತ್ತಿರುವುದು ಅಣ್ಣ ಮಾಡಿದ್ದಲ್ಲ, ನೀವು ಆ ದಿನ ಹೋಗದೇ ಇದ್ದದ್ದು. ಇದು ನನಗೆ ಗೊತ್ತಾಗಲು ಕಾರಣವಿದೆ. ಅಪ್ಪ ಹೋದ ಮೇಲೆ ನಾನೂ ಅವರ ಮೇಲೆ ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡಿದ್ದೆ. ಒಮ್ಮೆ ಅವರಿಗೇ ಪತ್ರ ಬರೆಯಲು ಕೂತೆ. ಮೂರನೇ ದಿನದ ಹಾಳೆಯಲ್ಲಿ ಗೊತ್ತಾಯಿತು, ಸಿಟ್ಟು ಅವರ ಮೇಲಲ್ಲ, ಆ ವಾರ ಊರಿಗೆ ಹೋಗದ ನನ್ನ ಮೇಲೆ.

ನೀವೂ ಬರೆಯಿರಿ. ಜೇಮ್ಸ್ ಪೆನ್ನೆಬೇಕರ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಮನಸ್ಸಿನ ನೋವನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದಿದ್ದರು. ಬರೆದ ಹೊತ್ತಿಗೆ ಮನಸ್ಸು ಇನ್ನೂ ಭಾರವಾಯಿತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಹಾಗಾಗಿ ಮೊದಲ ದಿನ ಅಳು ಬಂದರೆ ನಿಲ್ಲಿಸಬೇಡಿ. ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ ಮಾತ್ರ ತಡ ಮಾಡದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಒಂದು ಸಂಜೆ, ಪಂಪಿನ ಸದ್ದು ಕೇಳಿದಾಗ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಅತ್ತಿಗೆಯ ಮನೆಗೆ ಹೋಗಿ. ಅವರು ಮುಖ ತಿರುಗಿಸಬಹುದು, ಆ ಹಕ್ಕು ಅವರಿಗಿದೆ. ಕ್ಷಮೆಯ ಮಾತು ಬಾಯಿಗೆ ಬಾರದಿದ್ದರೆ, ಈ ಸಲ ಬಾವಿಯಲ್ಲಿ ನೀರು ಎಷ್ಟಿದೆ ಎಂದಾದರೂ ಕೇಳಿ.

– ಸಂಪಾದಕ